ಗುಂಡಿಗೆ ಮೈಯೊಡ್ಡುವ ಜೆಲ್ಲಿ

ಹಳೇ ಹುಬ್ಬಳ್ಳಿಯ ಈ ಓಣಿಯಲ್ಲಿ ಬೆಳಗಾಗಬೇಕಾದರೆ ಗೌಸಮೊದ್ದೀನರ ಅಪ್ಪಣೆಯಾಗಬೇಕು. ಸೂರ್ಯನೇನೋ ಬಂದು ಬಾಗಿಲಲ್ಲಿ ನಿಂತಿದ್ದಾನೆ, ಒಳಗೆ ಕಾಲಿಡುವ ಧೈರ್ಯ ಅವನಿಗಿಲ್ಲ. ಹಾಲಿನವನು ಸೈಕಲ್ಲಿನ ಗಂಟೆ ಬಾರಿಸುವುದಿಲ್ಲ. ಪಕ್ಕದ ಮನೆಯ ಹುಂಜ ಕೂಡ ಒಮ್ಮೆ ಗಂಟಲು ಸರಿಮಾಡಿಕೊಂಡು ಸುಮ್ಮನಾಗುತ್ತದೆ. ಯಾಕೆಂದರೆ ಅಡುಗೆಮನೆಯಲ್ಲಿ ಗೌಸಮೊದ್ದೀನ ಚಾಚಾ ಜೆಲ್ಲಿ ಸುರಿಯುತ್ತಿದ್ದಾರೆ.

"ಅಲ್ಲೇ ನಿಂದರ್ರಿ," ಎನ್ನುತ್ತಾರೆ ನನಗೆ, ತಲೆಯೆತ್ತದೆ. "ಉಸುರು ಬಿಡೂದಿದ್ರ ಆ ಕಡೆ ಮಾರಿ ಮಾಡಿ ಬಿಡ್ರಿ. ಒಂದು ಗುಳ್ಳಿ ಬಿದ್ರ ಮುಗೀತು, ಮತ್ತ ಮೊದಲಿಂದ."

ನಾನು ಉಸಿರಾಡುವುದನ್ನೇ ನಿಲ್ಲಿಸುತ್ತೇನೆ. ಈಗಲೂ ಪೂರ್ತಿ ಶುರುಮಾಡಿಲ್ಲ ಎಂದರೆ ನೀವು ನಂಬುವುದಿಲ್ಲ, ಬಿಡಿ.

ದೊಡ್ಡ ಪಾತ್ರೆಯ ಬಿಸಿನೀರಿನೊಳಗೆ ಸಣ್ಣ ಪಾತ್ರೆ ಕೂತಿದೆ. ಅದರಲ್ಲಿ ರಾತ್ರಿಯೆಲ್ಲ ತಣ್ಣೀರಲ್ಲಿ ನೆನೆದು ಉಬ್ಬಿದ ಜಿಲೆಟಿನ್ ನಿಧಾನಕ್ಕೆ ಕರಗುತ್ತಿದೆ. ಚಾಚಾ ಥರ್ಮಾಮೀಟರ್ ನೋಡುತ್ತಾರೆ, ಆದರೂ ನಂಬಿಕೆ ಸಾಲದೆ ಕಿರುಬೆರಳು ಅದ್ದುತ್ತಾರೆ. ಕೂಸಿಗೆ ಎರೆಯುವ ನೀರಿಗಿಂತ ಕೂದಲೆಳೆಯಷ್ಟೂ ಹೆಚ್ಚು ಬಿಸಿಯಾಗಬಾರದು. ಕುದಿಸಿದರೆ ಜೆಲ್ಲಿಯ ಕಸುವು ಹೋಗುತ್ತದೆ, ಕಲಕಿದರೆ ಗುಳ್ಳೆ ಏಳುತ್ತದೆ. ನಾಲ್ಕು ಹನಿ ದಾಲ್ಚಿನ್ನಿ ಎಣ್ಣೆ ಬಿದ್ದದ್ದೇ ಮೇಲಿನ ನೊರೆ ಒಡೆಯುತ್ತದೆ. ಆಮೇಲೆ ಉದ್ದನೆಯ ತಗಡಿನ ಅಚ್ಚಿನೊಳಗೆ, ಸೌಟಿನ ಬೆನ್ನ ಮೇಲಿಂದ ಜಾರಿಸಿ, ಸದ್ದಿಲ್ಲದೆ ಸುರಿಯುತ್ತಾರೆ. ಈ ಸುರಿಯುವಿಕೆಯನ್ನು ನೋಡಲು ದೇಶದೇಶಗಳಿಂದ ಜನ ಬರಬೇಕಿತ್ತು. ಬಂದಿಲ್ಲ. ನಾನೊಬ್ಬ ಬಂದಿದ್ದೇನೆ.

ಹುಬ್ಬಳ್ಳಿಯವರಿಗೆ ಗೌಸಮೊದ್ದೀನ ಎಂದರೆ ಸಂಜೆ ದುರ್ಗದ ಬೈಲಿನಲ್ಲಿ ನಿಲ್ಲುವ ಫಾಲೂದಾ ಗಾಡಿ. ಅವರ ಜೆಲ್ಲಿ ತಿನ್ನದವನು ಹುಬ್ಬಳ್ಳಿಯವನೇ ಅಲ್ಲ, ಆಧಾರ್ ಕಾರ್ಡಿನಲ್ಲಿ ಏನು ಬೇಕಾದರೂ ಬರೆದಿರಲಿ. ಆದರೆ ಈ ಅಚ್ಚಿನಲ್ಲಿರುವುದನ್ನು ಯಾರೂ ತಿನ್ನುವುದಿಲ್ಲ. ಎರಡು ದಿನ ತಣ್ಣಗೆ ಗಟ್ಟಿಯಾದ ಮೇಲೆ ಇದನ್ನು ಧಾರವಾಡದ ಕಡೆಗೆ ಒಯ್ದು, ಗುರಿ ಇಟ್ಟು, ಗುಂಡು ಹೊಡೆಯುತ್ತಾರೆ.

ಗುಂಡು ಮನುಷ್ಯನ ಮಾಂಸದೊಳಗೆ ಹೊಕ್ಕಾಗ ಏನೇನು ಮಾಡುತ್ತದೆ ಎಂಬುದನ್ನು ಧಾರವಾಡದ ಬಳಿಯ ಸತ್ತೂರಿನ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳಿಗೆ ಕಣ್ಣಾರೆ ತೋರಿಸುವುದು ಈ ಜೆಲ್ಲಿ. ಹತ್ತು ಪಾಲಿನಲ್ಲಿ ಒಂದು ಪಾಲು ಜಿಲೆಟಿನ್, ಉಳಿದದ್ದು ನೀರು. ಅಷ್ಟು ಸೇರಿ ತಣ್ಣಗಾದರೆ ಅದು ಗುಂಡಿನ ಎದುರು ಹೆಚ್ಚುಕಡಿಮೆ ಮಾಂಸಖಂಡದ ಹಾಗೆ ನಡೆದುಕೊಳ್ಳುತ್ತದೆ. ಮಾಂಸದೊಳಗೆ ಇಣುಕಲಾಗುವುದಿಲ್ಲ, ಇದರೊಳಗೆ ಇಣುಕಬಹುದು. ಚಾಚಾ ಎರೆದ ಜೆಲ್ಲಿ ಗಡ್ಡೆಯ ಸ್ವಚ್ಛತೆ ಎಂಥದ್ದೆಂದರೆ, ಅದರ ಮೂಲಕ ನೋಡಿದರೆ ಇಲ್ಲಿಂದಲೇ ನೃಪತುಂಗ ಬೆಟ್ಟದ ಮೇಲೆ ವಾಕಿಂಗ್ ಮಾಡುವವರ ಬೂಟಿನ ಕಂಪನಿ ಓದಬಹುದು.

ಈ ಕೆಲಸ ಅವರಿಗೆ ಅಂಟಿದ್ದು ಒಂದು ಬಟ್ಟಲು ಫಾಲೂದಾದಿಂದ. ಶಸ್ತ್ರಚಿಕಿತ್ಸೆಯ ಡಾಕ್ಟರ್ ವಾಣಿಶ್ರೀ ಒಂದು ಸಂಜೆ ಗಾಡಿಯ ಮುಂದೆ ನಿಂತು ತಿನ್ನುತ್ತಿದ್ದವರು, ಚಮಚದಲ್ಲಿ ಜೆಲ್ಲಿ ಎತ್ತಿ ದೀಪಕ್ಕೆ ಹಿಡಿದು, ಎದುರಂಗಡಿಯ ಬೋರ್ಡನ್ನು ಅದರೊಳಗಿಂದ ಓದಿದರಂತೆ. ಕಾಲೇಜಿನಲ್ಲಿ ಅವರೇ ಎರೆದ ಗಡ್ಡೆಗಳು ಅಕ್ಕಿ ತೊಳೆದ ನೀರಿನ ಹಾಗೆ ಮಬ್ಬು. ಒಳಗೆ ಗುಂಡು ಏನು ಮಾಡಿತೆಂಬುದು ಗುಂಡಿಗಷ್ಟೇ ಗೊತ್ತು.

"ಡಾಕ್ಟರ್ ಬಾಯಾರ ಬಂದು, 'ಚಾಚಾ, ನನಗ ಇಂಥಾದ್ದು ದೊಡ್ಡದೊಂದು ಬೇಕು, ಗುಂಡು ಹೊಡಿಯಾಕ' ಅಂದ್ರು," ಎಂದು ನೆನೆಯುತ್ತಾರೆ ಚಾಚಾ. "ನಾ ಅಂದೆ, ಯಾಕ್ರಿ ಬಾಯಾರ, ಸಕ್ರಿ ಕಡಿಮಿ ಆತೇನು? ಅಷ್ಟಕ್ಕ ಗುಂಡು ಹೊಡೀತೀರೇನು?"

ಅವರು ಕೇಳಿದ ಎರಡನೆಯ ಪ್ರಶ್ನೆ, ಪುಡಿ ಯಾವುದರದ್ದು ಎಂಬುದು. ಹಂದಿಯದ್ದಾದರೆ ಕೈ ಹಚ್ಚುವುದಿಲ್ಲ ಎಂದುಬಿಟ್ಟರು. ಡಾಕ್ಟರ್ ಎಮ್ಮೆಯ ಎಲುಬಿನ ಜಿಲೆಟಿನ್ ಹುಡುಕಿ ತಂದರು. ಅಲ್ಲಿಗೆ ಒಪ್ಪಂದವಾಯಿತು.

ಮೊದಲ ಗಡ್ಡೆ ಮಾತ್ರ ಇತಿಹಾಸದಲ್ಲಿ ದಾಖಲಾಗಬೇಕಾದ ಅನಾಹುತ. ಫಾಲೂದಾ ಮಾಡುವ ಈ ಮನೆತನದಲ್ಲಿ ಸಪ್ಪೆ ಮಾಲು ಒಲೆಯಿಂದ ಇಳಿಯಬಾರದು ಎಂಬ ರಿವಾಜಿದೆ. ಇಳಿದರೆ ಮನೆಯ ಏಳಿಗೆ, ಅದರ ಬರ್ಕತ್ತು, ಹೋಗುತ್ತದೆಂಬುದು ಚಾಚಾರ ಅಜ್ಜನ ಕಾಲದ ಮಾತು. ಹಾಗಾಗಿ ಡಾಕ್ಟರ್ ಬೇಡವೆಂದರೂ ಚಾಚಾ ಧಾರಾಳವಾಗಿ ಸಕ್ಕರೆ ಹಾಕಿದರು. ಸಕ್ಕರೆ ಹಾಕಿದ ಮೇಲೆ ಗುಲಾಬಿ ಹಾಕದೆ ಬಿಡಲು ಮನಸ್ಸಾಗಲಿಲ್ಲ. ಪೊಲೀಸರ ಶೂಟಿಂಗ್ ಮೈದಾನದಲ್ಲಿ ಡಬ್ಬಿ ತೆಗೆದದ್ದೇ ತಡ, ಧಾರವಾಡ ಜಿಲ್ಲೆಯ ಸಮಸ್ತ ಜೇನುನೊಣಗಳೂ, ಪಕ್ಕದ ಬೆಳಗಾವಿಯಿಂದ ಕೆಲವೂ, ಹಾಜರಾದವು. ಗುರಿ ಇಟ್ಟು ಮಲಗಿದ್ದ ಪೊಲೀಸ್ ಗೋವಿಂದಪ್ಪ ಬಂದೂಕು ಬಿಟ್ಟು ಓಡಿದರು.

"ಸಾಬರ, ನೀವು ಗುಂಡು ಹೊಡ್ಯಾಕ ಕರದ್ರೋ, ಲಗ್ನದ ಊಟಕ್ಕ ಕರದ್ರೋ?" ಎಂದು ಗೋವಿಂದಪ್ಪ ದೂರದಿಂದಲೇ ಕೂಗಿದ್ದರಂತೆ.

ರಿವಾಜನ್ನೂ ಬಿಡಬಾರದು, ಗಡ್ಡೆಯೂ ಕೆಡಬಾರದು. ಇದಕ್ಕೆ ದಾರಿ ಹುಡುಕಿದವರು ಹೆಂಡತಿ ಖಾತುನಬಿ. ಈಗ ಪ್ರತಿ ಸಲ ಎರೆಯುವ ಮುಂಚೆ ಅವರು ಗಂಡನ ಬಾಯಿಗೆ ಒಂದು ಚಿಟಿಕೆ ಸಕ್ಕರೆ ಹಾಕುತ್ತಾರೆ. "ಮಾಲು ಸಪ್ಪನ್ನ ಇದ್ರ ಇರ್ಲಿ, ಮಾಡಾವ ಸಪ್ಪಗ ಇರಬಾರದ್ರಿ," ಎನ್ನುತ್ತಾರೆ ಆಕೆ. "ಇವರಿಗೆ ಶುಗರ್ ಐತಿ ಅಂತ ಡಾಕ್ಟರ್ ಬೈತಾರ. ಆ ಡಾಕ್ಟರಿಗೆ ಬರ್ಕತ್ತಿನ ವಿಷಯ ಏನ ಗೊತ್ತು?"

ಖಾತುನಬಿಯ ಇನ್ನೊಂದು ಕೆಲಸ ಗಡ್ಡೆಗೆ ಅಂಗಿ ತೊಡಿಸುವುದು. ಗುಂಡು ಬರಿಮೈಗೆ ಬೀಳುವುದಿಲ್ಲವಲ್ಲ, ಬಟ್ಟೆಯನ್ನೂ ತನ್ನ ಜೊತೆ ಎಳೆದುಕೊಂಡು ಹೋಗುತ್ತದೆ. ಹಳೆಯ ಧೋತರದ ತುಂಡನ್ನು ಅಚ್ಚುಕಟ್ಟಾಗಿ ಮಡಚಿ ಆಕೆ ಗಡ್ಡೆಯ ಮೋರೆಗೆ ಕಟ್ಟಿಕೊಡುತ್ತಾರೆ. ಕರೆಂಟು ಹೋದ ಬೇಸಿಗೆಗಳಲ್ಲಿ ಅದರ ಸುತ್ತ ಬರ್ಫ ಒಟ್ಟಿ, ಗೋಣಿ ಹೊದಿಸಿ, ಜ್ವರ ಬಂದ ಮಗುವಿನ ಹಾಗೆ ಕಾದವರೂ ಆಕೆಯೇ. ಕರಗಿಹೋದ ಗಡ್ಡೆಗಳನ್ನು ಒಟ್ಟುಗೂಡಿಸಿದ್ದರೆ ಉಣಕಲ್ ಕೆರೆ ಎರಡು ಸಲ ತುಂಬುತ್ತಿತ್ತು. ಒಮ್ಮೆಯೂ ಇಬ್ಬರೂ "ಸಾಕು" ಅಂದಿಲ್ಲ.

ಗಡ್ಡೆ ಧಾರವಾಡದ ದಾರಿ ಹಿಡಿಯುವುದು ಅವಳಿ ನಗರಗಳ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ. ಎಸಿ ಇರುವುದರಿಂದ ತಂಪು ಕೆಡುವುದಿಲ್ಲ. ಥರ್ಮಾಕೋಲ್ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಚಾಚಾ ಕಿಟಕಿಯ ಪಕ್ಕ ಕೂರುತ್ತಾರೆ. ಮೊದಲ ಸಲ ನಿಲ್ದಾಣದ ಕಾವಲಿನವನು ಏನಿದು ಎಂದು ಕೇಳಿದಾಗ ಸುಳ್ಳು ಹೇಳಿ ಅಭ್ಯಾಸವಿಲ್ಲದ ಚಾಚಾ, "ಗುಂಡು ಹೊಡ್ಯಾಕ ಒಯ್ಯಾಕತ್ತೇನ್ರಿ" ಎಂದುಬಿಟ್ಟರು. ಮುಂದಿನದನ್ನು ನೀವೇ ಊಹಿಸಿಕೊಳ್ಳಿ. ಡಾಕ್ಟರ್ ವಾಣಿಶ್ರೀ ಸತ್ತೂರಿನಿಂದ ಫೋನಿನಲ್ಲಿ ಅರ್ಧ ಗಂಟೆ ಮಾತಾಡಬೇಕಾಯಿತು. ಈಗ ಅದೇ ಕಾವಲಿನವನು ಡಬ್ಬಿಗೆ ಕೈಕೊಟ್ಟು ಬಸ್ ಹತ್ತಿಸುತ್ತಾನೆ.

ಮೈದಾನದಲ್ಲಿ ಮೊದಲು ಏರ್‌ಗನ್ನಿನ ಸಣ್ಣ ಉಕ್ಕಿನ ಗುಂಡೊಂದನ್ನು ಗಡ್ಡೆಯ ಮೂಲೆಗೆ ಹೊಡೆದು ನೋಡುತ್ತಾರೆ. ಅದು ನಾಲ್ಕು ಬೆರಳಿಗಿಂತ ತುಸು ಹೆಚ್ಚು ಒಳಗೆ ಹೋಗಿ ನಿಂತರೆ ಗಡ್ಡೆ ಸರಿಯಿದೆ ಎಂದರ್ಥ. ಹೆಚ್ಚು ಹೋದರೆ ಮೆತ್ತಗಾಯಿತು, ಕಡಿಮೆ ಹೋದರೆ ಬಿರುಸಾಯಿತು. ಆಮೇಲೆ ರೈಫಲ್. ಗೋವಿಂದಪ್ಪ ಟ್ರಿಗರ್ ಎಳೆಯುವಾಗ ಚಾಚಾ ಬೆನ್ನು ತಿರುಗಿಸಿ, ಎರಡೂ ಕಿವಿ ಮುಚ್ಚಿಕೊಂಡು ನಿಲ್ಲುತ್ತಾರೆ.

ತಿರುಗಿ ನೋಡಿದರೆ ಗಡ್ಡೆಯ ಮೋರೆಯ ಮೇಲೆ ಜೋಳದ ಕಾಳಿನಷ್ಟು ತೂತು. ಇಷ್ಟೇನಾ ಅನಿಸುತ್ತದೆ. ಪಕ್ಕಕ್ಕೆ ಬಂದು ಬೆಳಕಿಗೆ ಹಿಡಿದು ನೋಡಿದರೆ ಮಾತು ನಿಲ್ಲುತ್ತದೆ. ನನ್ನ ಮಾತು ನಿಲ್ಲುವುದು ಎಂದರೆ ಎಂಥ ಸಂಗತಿ ಎಂದು ಬಲ್ಲವರು ಬಲ್ಲರು. ಆ ಸಣ್ಣ ತೂತಿನ ಹಿಂದೆ, ಅಂಗೈಯಗಲ ಬಿರುಕುಗಳು ಸುತ್ತಲೂ ಸಿಡಿದು ನಿಂತಿವೆ. ಧೋತರದ ಎಳೆಗಳು ಒಳಗೆ ಅಲ್ಲಲ್ಲಿ ತೇಲುತ್ತಿವೆ.

"ಮಳಿಗಾಲದಾಗ ಹೊಂಡದ ನೀರಾಗ ಬಸ್ಸು ಜೋರಾಗಿ ಹೋದ್ರ ಏನಾಗ್ತದ?" ಎಂದು ಕೇಳುತ್ತಾರೆ ಡಾಕ್ಟರ್ ವಾಣಿಶ್ರೀ. "ನೀರು ಎರಡೂ ಕಡೆ ಹಾರತದ, ಆಮ್ಯಾಲೆ ವಾಪಸ್ ಬಂದು ಕೂಡ್ತದ. ಮಾಂಸನೂ ಹಂಗ. ಗುಂಡು ಹೋಗೂ ಹಾದಿ ಸಣ್ಣದಿರತದ, ಆದ್ರ ಆ ಜೋರಿಗೆ ಸುತ್ತಲಿನ ಮಾಂಸ ಕಣ್ಣು ಮುಚ್ಚಿ ತೆಗಿಯೂದ್ರಾಗ ಹಿಗ್ಗಿ, ವಾಪಸ್ ಮುಚ್ಚಿಕೊಳ್ತದ. ಹೊರಗಿಂದ ಏನೂ ಆಗಿಲ್ಲ ಅನಸ್ತದ. ಒಳಗ ರಕ್ತ ಒಯ್ಯೂ ಸಣ್ಣ ನರಗಳು ಹರದಿರತಾವ. ರಕ್ತ ಇಲ್ಲದ ಮಾಂಸ ಸಾಯ್ತದ. ಸತ್ತ ಮಾಂಸದಾಗ ಹೊಲಸು ಬಟ್ಟಿ ಸೇರಿದ್ರ ಕೀವು." ಸ್ನಾಯು ಹಿಗ್ಗಿದರೂ ಕೆಲವೊಮ್ಮೆ ಚೇತರಿಸಿಕೊಳ್ಳುತ್ತದೆ, ಪಿತ್ತಜನಕಾಂಗದಂಥ ಹಿಗ್ಗದ ಅಂಗ ಸೀಳಿಯೇ ಹೋಗುತ್ತದೆ, ಗುಂಡು ಎಲುಬಿಗೆ ತಾಗಿದರೆ ಎಲುಬಿನ ಚೂರುಗಳೇ ಗುಂಡುಗಳಾಗುತ್ತವೆ ಎಂದೂ ಅವರು ವಿವರಿಸುತ್ತಾರೆ. ಜೆಲ್ಲಿಗೆ ಎಲುಬಿಲ್ಲ, ರಕ್ತವಿಲ್ಲ. ಇದು ಮೈಯಲ್ಲ, ಮೈಯ ನೆರಳು ಎಂದು ಎಚ್ಚರಿಸುವುದನ್ನೂ ಮರೆಯುವುದಿಲ್ಲ.

ಇಲ್ಲಿಯವರೆಗೆ ನಾನು ಅಷ್ಟಿಷ್ಟು ಉಪ್ಪುಖಾರ ಹಚ್ಚಿ ಹೇಳಿರಬಹುದು. ಇನ್ನು ಮುಂದಿನದಕ್ಕೆ ಹಚ್ಚುವ ಅಗತ್ಯವಿಲ್ಲ.

ಹೋದ ಸುಗ್ಗಿಯಲ್ಲಿ ಹೆಬ್ಬಳ್ಳಿಯ ರೈತ ಬಸಣ್ಣ ನಸುಕಿನಲ್ಲಿ ಕಡಲೆಹೊಲಕ್ಕೆ ಹೋಗಿದ್ದಾರೆ. ಕಾಡುಹಂದಿಯ ಬೆನ್ನುಹತ್ತಿ ಬಂದ ಯಾರೋ, ಪೈರು ಅಲುಗಾಡಿದ್ದನ್ನು ಕಂಡು ಗುಂಡು ಹಾರಿಸಿದ್ದಾರೆ. ಅದು ಬಸಣ್ಣನ ತೊಡೆಯ ಒಂದು ಬದಿಯಿಂದ ಹೊಕ್ಕು ಇನ್ನೊಂದು ಬದಿಯಿಂದ ಹೊರಬಿದ್ದಿದೆ. ಎಲುಬಿಗೆ ತಾಗಿಲ್ಲ, ದೊಡ್ಡ ರಕ್ತನಾಳಕ್ಕೆ ತಾಗಿಲ್ಲ. ಹೆಂಡತಿ ಗೌರಕ್ಕ ಅರಿಶಿನ ಮೆತ್ತಿ, ಬಿಗಿಯಾಗಿ ಬಟ್ಟೆ ಕಟ್ಟಿ, ಸತ್ತೂರಿಗೆ ಕರೆತರುವ ಹೊತ್ತಿಗೆ ಬಸಣ್ಣ ಮಾತಾಡುತ್ತಿದ್ದರು, ಚಹಾ ಕೇಳುತ್ತಿದ್ದರು.

ಮಧ್ಯಾಹ್ನದ ಹೊತ್ತಿಗೆ ತೊಡೆ ಊದಿಕೊಂಡು ಕಲ್ಲಿನಂತಾಯಿತು. ತೊಡೆಯನ್ನು ಉದ್ದಕ್ಕೆ ತೆರೆಯಬೇಕು, ಸತ್ತ ಮಾಂಸ ತೆಗೆಯಬೇಕು, ಗಾಯವನ್ನು ಕೆಲವು ದಿನ ಹೊಲಿಯದೆ ತೆರೆದೇ ಇಡಬೇಕು ಎಂದರು ಡಾಕ್ಟರ್ ವಾಣಿಶ್ರೀ. ತಡಮಾಡಿದರೆ ಕಾಲು ಹೋಗಬಹುದು, ಜೀವಕ್ಕೂ ಬರಬಹುದು ಎಂದರು. ಗೌರಕ್ಕ ಒಪ್ಪಲಿಲ್ಲ.

"ಗುಂಡು ಒಳಗ ಐತೇನ್ರಿ? ಇಲ್ಲ. ಹೊರಗ ಬಿತ್ತು, ಹೋತು. ಇಷ್ಟಗಲ ತೂತಿಗೆ ಮಾರುದ್ದ ಕೊಯ್ತೀನಿ ಅಂದ್ರ ಹೆಂಗ್ರಿ? ಎರಡು ಹೊಲಿಗಿ ಹಾಕ್ರಿ, ಕರಕೊಂಡ ಹೋಗ್ತೇನಿ."

"ಎಲ್ಲಾ ಗಾಯಕ್ಕೂ ಇಷ್ಟು ಕೊಯ್ಯೂದಿಲ್ಲ, ಯವ್ವಾ. ಇವರ ತೊಡಿ ಮುಟ್ಟಿ ನೋಡು."

"ಗುಂಡು ಬಡದೈತಿ, ಬಾತೈತಿ. ಎತ್ತು ಒದ್ರೂ ಬಾಯ್ತದ."

ಬಸಣ್ಣ ಮಂಚದ ಮೇಲಿಂದಲೇ ಹೆಂಡತಿಯ ಪರ. "ನಡಿಯೇ, ಮನೀಗ ಹೋಗೂಣು. ಇಲ್ಲಿ ಚಹಾನೂ ಕೊಡವಲ್ರು."

ಅಂದು ಚಾಚಾ ಹೊಸ ಗಡ್ಡೆಯೊಂದನ್ನು ಕೊಟ್ಟು ಹೋಗಲು ಬಂದಿದ್ದರು. ಹಿಂದಿನ ದಿನವಷ್ಟೇ ಗುಂಡು ತಿಂದ ಗಡ್ಡೆ ಪಾಠದ ಕೋಣೆಯ ಫ್ರಿಜ್‌ನಲ್ಲಿತ್ತು. ಡಾಕ್ಟರ್ ಗೌರಕ್ಕನನ್ನು ಕೈಹಿಡಿದು ಅಲ್ಲಿಗೆ ಕರೆತಂದು, ಗಡ್ಡೆಯನ್ನು ಮೇಜಿನ ಮೇಲಿಟ್ಟು ದೀಪ ಹಾಕಿದರು. ನಿನ್ನ ಗಂಡನ ತೊಡೆಯೊಳಗೆ ಹೀಗಾಗಿದೆ ಎಂದರು.

ಗೌರಕ್ಕ ಸುತ್ತ ಬಂದು ನೋಡಿದರು. ಸಣ್ಣ ತೂತು ನೋಡಿದರು. ಹಿಂದಿನ ಬಿರುಕು ನೋಡಿದರು. ಅನುಮಾನ ಹೋಗಲಿಲ್ಲ.

"ಇದು ಗುಂಡೀಲೆ ಆಗಿದ್ದಲ್ಲ. ನೀವ ಚಾಕೂಲೆ ಕೊರದಿರಬೇಕು. ನನಗ ಅಂಜಸಾಕ."

ಮೂಲೆಯಲ್ಲಿ ನಿಂತಿದ್ದ ಚಾಚಾರಿಗೆ ಆ ಮಾತು ಚುಚ್ಚಿತು. ತೂಕದಲ್ಲಾಗಲಿ, ಹಾಲಿಗೆ ನೀರು ಬೆರೆಸುವುದರಲ್ಲಾಗಲಿ ಗಾಡಿಯ ಮುಂದೆ ಯಾರೂ ಅವರಿಗೆ ಮೋಸಗಾರ ಅಂದಿಲ್ಲ. ಅವರು ಬೆಳಿಗ್ಗೆ ತಂದ ಹೊಸ ಗಡ್ಡೆಯ ಡಬ್ಬಿ ತೆರೆದು ಹಳೆಯದರ ಪಕ್ಕ ಇಟ್ಟರು. ಹಣ್ಣು ಕೊಯ್ಯುವ ಚಾಕುವನ್ನು ಹಿಡಿಕೆ ಮುಂದಾಗಿ ಗೌರಕ್ಕನ ಕಡೆ ಚಾಚಿದರು.

"ಅಕ್ಕಾರ, ಇದನ್ನ ಮಾಡಿದಾವ ನಾನು. ಹುಬ್ಬಳ್ಳಿಯಾಗ ಫಾಲೂದಾ ಮಾರತೇನಿ. ನಾ ಕೊರದೇನಿ ಅಂತ ನಿಮ್ಮ ಮನಸ್ಸಿಗಿದ್ರ, ನೀವೂ ಕೊರೀರಿ. ಬಾಯಿ ಅಷ್ಟs ಸಣ್ಣದಿರಬೇಕು, ಒಳಗ ಅಷ್ಟs ದೊಡ್ಡದಾಗಬೇಕು. ಆತಂದ್ರ ನಿಮ್ಮ ಮಾತು ಖರೇ."

"ಏನರೆ ಮುಟ್ಟಿಸಿ ಮೈಲಿಗಿ ಮಾಡಬ್ಯಾಡ್ರಿ. ಯಾತರದ್ದಿದು?"

"ಎಮ್ಮಿ ಎಲುಬಿಂದ್ರಿ. ನಾ ಸುಳ್ಳು ಹೇಳೂದಿಲ್ಲ. ಬ್ಯಾಡಾದ್ರ ಬಿಡ್ರಿ."

ಕೊರಳಲ್ಲಿ ಲಿಂಗ ಕಟ್ಟಿಕೊಂಡ, ಮೊಟ್ಟೆಯನ್ನೂ ಮುಟ್ಟದ ಗೌರಕ್ಕ ಆ ಲಿಂಗವನ್ನೊಮ್ಮೆ ಮುಟ್ಟಿಕೊಂಡರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಚಾಕು ತೆಗೆದುಕೊಂಡರು. ಎಳೆಯ ಬದನೆಕಾಯಿಯನ್ನು ತೊಟ್ಟು ಮುರಿಯದಂತೆ ಸೀಳಿ ಮಸಾಲೆ ತುಂಬುವ ಕೈ ಅದು, ಒರಟು ಕೈಯಲ್ಲ. ಜೋಳದ ಕಾಳಿನಷ್ಟು ತೂತು ಮಾಡಿದರು. ಚಾಕುವಿನ ತುದಿಯನ್ನು ಒಳಗೆ ಬಿಟ್ಟು ಮೆಲ್ಲಗೆ ತಿರುಗಿಸಿದರು. ಬಾಯಿ ಹರಿಯಿತು. ಇನ್ನೊಂದು ಕಡೆ ಮಾಡಿದರು. ಅಲ್ಲೂ ಒಳಗೆ ಅಗಲವಾಗುವ ಮೊದಲೇ ಬಾಯಿ ಹರಿಯಿತು. ಮೂರನೆಯ ಸಲ ಉಸಿರು ಬಿಗಿಹಿಡಿದು ಪ್ರಯತ್ನಿಸಿದರು. ಬಾಯಿ ಮತ್ತೆ ಹರಿಯಿತು.

ಗೌರಕ್ಕ ಚಾಕು ಕೆಳಗಿಟ್ಟರು. ಗುಂಡು ತಿಂದ ಗಡ್ಡೆಯ ಹತ್ತಿರ ಹೋಗಿ ಸಣ್ಣ ತೂತಿನೊಳಗೆ ಕಿರುಬೆರಳನ್ನು ಒತ್ತಿ ತೂರಿಸಿದರು. ಬಾಯಲ್ಲಿ ಬಿಗಿಯಿದ್ದ ಬೆರಳು ಒಳಗೆ ಸಡಿಲವಾಗಿ ಆಡಿತು. ಹೊರಗೆ ತೆಗೆದಾಗ ಉಗುರಿಗೆ ಒಂದು ಬಿಳಿ ಎಳೆ ಅಂಟಿತ್ತು.

"ಇದೇನು, ಧೋತರದ್ದೇನ್ರಿ?"

"ಹೌದ್ರಿ. ನಮ್ಮ ಮನಿಯಾಕಿ ಕಟ್ಟಿದ್ದು."

"ನಮ್ಮವರೂ ಧೋತರಾನs ಉಟ್ಟಿದ್ರು," ಎಂದರು ಗೌರಕ್ಕ. ಡಾಕ್ಟರ ಕಡೆ ತಿರುಗಿ, "ಇದನ್ನ ಹೊರಗಿಂದ ಯಾರ ಕೈಲಿಂದೂ ಕೊರಿಯಾಕ ಆಗೂದಿಲ್ಲ. ಕೊಯ್ರಿ ಬಾಯಾರ. ಲಗೂ ಕೊಯ್ರಿ. ನಾ ಎಲ್ಲಿ ಹೆಬ್ಬಟ್ಟು ಒತ್ತಲಿ?" ಎಂದರು.

ಬಸಣ್ಣನ ತೊಡೆಯಿಂದ ಡಾಕ್ಟರ್ ತೆಗೆದದ್ದು ಒಂದು ಮುಷ್ಟಿ ಸತ್ತ ಮಾಂಸ, ಮುದುಡಿದ ಧೋತರದ ಚೂರು. ಎರಡು ಸಲ ಆಪರೇಷನ್ ಕೋಣೆಗೆ ಹೋಗಿಬಂದ ಮೇಲೆ, ಗಾಯ ಕೆಂಪಗೆ ಚೊಕ್ಕವಾದ ಮೇಲೆಯೇ ಹೊಲಿಗೆ ಬಿತ್ತು. ಗಾಯ ತೆರೆದಿದ್ದಷ್ಟು ದಿನ ಗೌರಕ್ಕ ವಾರ್ಡಿನ ಉಳಿದ ಹೆಂಗಸರಿಗೆ ಪಾಠ ಹೇಳುತ್ತಿದ್ದರಂತೆ: "ಮುಚ್ಚಿದ್ರ ಒಳಗ ಕೊಳೀತದವಾ, ಬಿಟ್ಟಿದ್ದs ಛಲೋ." ಗುಂಡು ಹಾರಿಸಿದವರ ಮೇಲೆ ಕೇಸು ನಡೆಯುತ್ತಿದೆ. ಕಾಲು ಉಳಿದಿದೆ.

ವಾರ್ಡು ತುಂಬ ಚಾಚಾರ ಹೆಸರು ಓಡಾಡಿತು, ಆದರೆ ಚಾಚಾ ಅಲ್ಲಿರಲಿಲ್ಲ. ಗೌರಕ್ಕನ ಕೈಯಲ್ಲಿ ಮೂರು ಕಡೆ ಹರಿದ ಹೊಸ ಗಡ್ಡೆಯನ್ನು ಅವರು ಡಬ್ಬಿಗೆ ಹಾಕಿಕೊಂಡು, ಚಿಗರಿ ಹತ್ತಿ, ಸಂಜೆಯ ವ್ಯಾಪಾರಕ್ಕೆ ತಡವಾಯಿತೆಂದು ಓಡಿಬಂದಿದ್ದರು. ಆ ಕಾಲಿನ ಸುದ್ದಿ ಏನಾಯಿತೆಂದು ಕೇಳಲು ಫೋನ್ ಹಿಡಿದು, ಧೈರ್ಯ ಸಾಲದೆ ಇಟ್ಟುಬಿಡುತ್ತಿದ್ದರು ಎನ್ನುತ್ತಾರೆ ಖಾತುನಬಿ. "ಅನ್ನ ಸೇರ್ತಿರಲಿಲ್ರಿ ಇವರಿಗೆ. ನಾನs ಫೋನ್ ಮಾಡಿ ಕೇಳಿದೆ."

ನಾನು ಇದನ್ನೆಲ್ಲ ಬರೆದುಕೊಳ್ಳುತ್ತ ದುರ್ಗದ ಬೈಲಿನ ಗಾಡಿಯ ಪಕ್ಕ ನಿಂತಿರುವ ಈ ಸಂಜೆ, ಜನಜಂಗುಳಿಯನ್ನು ಸರಿಸಿಕೊಂಡು ಇಬ್ಬರು ಬರುತ್ತಾರೆ. ಮುಂದೆ ಗೌರಕ್ಕ, ತಲೆಯ ಮೇಲೆ ಕಡಲೆಯ ಚೀಲ. ಹಿಂದೆ ಬಸಣ್ಣ, ಕೋಲಿಲ್ಲ, ಊರುಗೋಲಿಲ್ಲ, ತುಸು ಕುಂಟು.

"ಸಾಬರ, ಹೊಲದ ಕಡ್ಲಿ," ಎಂದು ಗೌರಕ್ಕ ಚೀಲ ಇಳಿಸುತ್ತಾರೆ. "ಬ್ಯಾಡ ಅಂದ್ರ ನೋಡ್ರಿ. ಅವತ್ತ ನಿಮಗ ಸುಳ್ಳಗಾರ ಅಂದೆ."

"ಅನ್ನದಿದ್ರ ಚಾಕು ಹಿಡೀತಿದ್ರೇನ್ರಿ?"

"ನಿಮ್ಮ ಜೆಲ್ಲಿ ಮಾತ್ರ ತಿನ್ನಂಗಿಲ್ಲಪಾ ನಾ," ಎನ್ನುತ್ತಾರೆ ಬಸಣ್ಣ. "ನೋಡಿದ್ರ ತೊಡಿ ಜುಮ್ ಅಂತದ. ಐಸ್‌ಕ್ರೀಮ್ ಅಷ್ಟs ಕೊಡ್ರಿ."

ಗಿರಾಕಿಗಳು ಕಾಯುತ್ತಿದ್ದಾರೆ. ಚಾಚಾ ಗಾಡಿ ಬಿಟ್ಟು ಈಚೆ ಬರುತ್ತಾರೆ. ಬಸಣ್ಣನನ್ನು ಸ್ಟೂಲಿನ ಮೇಲೆ ಕೂರಿಸಿ, ಕೇಳಿ ಒಪ್ಪಿಗೆ ಪಡೆದು, ಧೋತರದ ಮೇಲಿನಿಂದಲೇ ತೊಡೆಯನ್ನು ಹೆಬ್ಬೆರಳಿನಿಂದ ಒತ್ತುತ್ತಾರೆ. ಬಿಡುತ್ತಾರೆ. ಮತ್ತೊಂದು ಕಡೆ ಒತ್ತುತ್ತಾರೆ, ಬಿಡುತ್ತಾರೆ. ಮಾಂಸ ಬೆರಳನ್ನು ಹಿಂದಕ್ಕೆ ದಬ್ಬುತ್ತದೆ. ಬಿಸಿಯಿದೆ. ಚಾಚಾ ಕೈ ತೆಗೆಯುವುದಿಲ್ಲ.

"ಏನ್ ಚಾಚಾ, ಮಾಲು ಹೆಂಗೈತಿ?" ಎಂದು ಸಾಲಿನಿಂದ ಯಾರೋ ಚೇಷ್ಟೆ ಮಾಡುತ್ತಾರೆ.

"ಇಷ್ಟ ವರ್ಷ ಇದರ ನಕಲು ಎರದೆನ್ರಿ," ಎನ್ನುತ್ತಾರೆ ಗೌಸಮೊದ್ದೀನ, ಯಾರ ಕಡೆಗೂ ನೋಡದೆ. "ಇಂಥಾದ್ದು ನನ್ನ ಕೈಲೆ ಆಗೂದಿಲ್ಲ ಬಿಡ್ರಿ. ಆದ್ರ ನನ್ನ ನಕಲಿನಿಂದ ಈ ಅಸಲು ಉಳೀತು."